ಅವ್ವನ ಹಲ್ಲಿಗೆ ಪಾಸ್ ಸಿಕ್ಕಿತು

“ಡಬ್ಬ್ಯಾಗ ಏನೈತ್ರಿ ಮೇಡಂ?”

“ಹಲ್ಲು.”

“ಏನು?”

“ಹಲ್ರೀ. ಮ್ಯಾಲಿನ ಸಾಲು ಒಂದು, ಕೆಳಗಿನ ಸಾಲು ಒಂದು.”

ಪೊಲೀಸಪ್ಪ ಲಾಠಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹಿಂದೆ ಸಾಲಾಗಿ ನಿಂತಿದ್ದ ಬೈಕುಗಳಲ್ಲಿ ಯಾರೋ ಕಿಸಕ್ಕೆಂದರು. ನನಗಂತೂ ನಗು ಬರಲಿಲ್ಲ. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನ ಪಾಠ ಮಾಡುತ್ತಿರುವ ಹೆಂಗಸು ಮಟಮಟ ಮಧ್ಯಾಹ್ನ ನಡುರಸ್ತೆಯಲ್ಲಿ, ಒಂದು ಕಾಲು ನೆಲಕ್ಕೂರಿ ಸ್ಕೂಟಿ ಮೇಲೆ ಕೂತು, ಹಲ್ಲಿನ ಡಬ್ಬಿಯನ್ನು ಎದೆಗವಚಿಕೊಂಡಿದ್ದರೆ ನಗು ಎಲ್ಲಿಂದ ಬರಬೇಕು ಹೇಳಿ?

ಇದು ಮೊನ್ನೆ ಮಂಗಳವಾರದ ಮಾತು. ಜಾಗ, ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆ. ಕೊಟ್ಟೂರು ಇನ್ನೇನು ಬಂತು ಅನ್ನುವಷ್ಟರಲ್ಲಿ ಒಂದು ಚೆಕ್‌ಪೋಸ್ಟ್. (ಚೆಕ್‌ಪೋಸ್ಟ್ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಎರಡು ಬ್ಯಾರಿಕೇಡ್, ಒಂದು ಬೇವಿನ ಮರ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ನೀರಿನ ಕ್ಯಾನ್. ಜೊತೆಗೆ ‘ರಸ್ತೆಯಲ್ಲಿ ಉಗುಳಿದರೆ ದಂಡ’ ಅನ್ನುವ ಬೋರ್ಡು.)

ಹಲ್ಲು ನಮ್ಮವ್ವನದು. ಅವ್ವ ಇರುವುದು ಕೊಟ್ಟೂರಿನಲ್ಲಿ, ನನ್ನ ತಮ್ಮನ ಮನೆಯಲ್ಲಿ. ನಾನು ಮದುವೆಯಾಗಿ ಬಂದದ್ದು ಹರಪನಹಳ್ಳಿಗೆ. ಕಳೆದ ಚಳಿಗಾಲದಲ್ಲಿ ಅವಳ ಬಾಯಲ್ಲಿ ಉಳಿದಿದ್ದ ನಾಲ್ಕಾರು ಹಲ್ಲೂ ಅಲ್ಲಾಡತೊಡಗಿದಾಗ ನಾನೇ ಅವಳನ್ನು ನಮ್ಮೂರಿಗೆ ಕರೆಸಿಕೊಂಡು ಡಾಕ್ಟರ ಹತ್ತಿರ ತೆಗೆಸಿದೆ. ವಸಡು ಮಾಗಿತು. ಅಳತೆ ಆಯಿತು. ಮೇಣದಲ್ಲಿ ಕೂರಿಸಿ ಟ್ರಯಲ್ ಕೂಡ ಆಯಿತು. “ಮುಂದಿನ ಸೋಮವಾರ ಬನ್ನಿ ಅಜ್ಜಿ, ಹಲ್ಲು ಹಾಕೇ ಕಳಿಸ್ತೀನಿ” ಅಂದರು ಡಾಕ್ಟರು. ಅವ್ವ ಖುಷಿಯಿಂದ ಬಸ್ ಹತ್ತಿ ಊರಿಗೆ ಹೋದಳು.

ಅದರ ಹಿಂದಿನ ಭಾನುವಾರ ಸಂಜೆ ಕೊರೊನಾ ಅಂತ ದೇಶವೆಲ್ಲ ತಟ್ಟೆ ಬಡಿಯಿತು. ಅವ್ವನೂ ಬಡಿದಳು, ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲದೆ. ಸೋಮವಾರದಿಂದ ಲಾಕ್‌ಡೌನ್. ಬಸ್ಸೂ ಇಲ್ಲ, ಡಾಕ್ಟರೂ ಇಲ್ಲ, ಹಲ್ಲೂ ಇಲ್ಲ.

ಬೇರೆ ಕಡೆಯವರಿಗೆ ಇದು ಅಂಥ ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ಅನ್ನ ಉಣ್ಣುವ ಸೀಮೆಯವರು ಹಲ್ಲಿಲ್ಲದಿದ್ದರೂ ಹೇಗೋ ನುಂಗಿಬಿಡುತ್ತಾರೆ. ನಮ್ಮದು ಜೋಳದ ರೊಟ್ಟಿಯ ನಾಡು. ಅದರಲ್ಲೂ ನಮ್ಮವ್ವನಿಗೆ ಬಿಸಿ ರೊಟ್ಟಿ ಸೇರುವುದಿಲ್ಲ, ಖಡಕ್ ಆಗಬೇಕು. ಮುರಿದರೆ ಪಕ್ಕದ ಮನೆಗೆ ಕೇಳಬೇಕು. ದಿನಾ ಮನೆಮಂದಿಗೆಲ್ಲ ರೊಟ್ಟಿ ಬಡಿಯುವವಳು ಈಗಲೂ ಅವಳೇ. ತಿನ್ನುವುದು ಮಾತ್ರ ಗಂಜಿ. ಫೋನಿನಲ್ಲಿ ಒಂದು ದಿನ ಹೇಳಿದಳು, “ನಾನ ಬಡೀತೀನಿ, ನಾನ ಸುಡ್ತೀನಿ. ಎಲ್ಲಾರೂ ಕಟಂ ಕಟಂ ಅಂತ ಕಡೀತಾರ. ನಾ ಕುಂತು ಸಪ್ಪಳ ಕೇಳ್ತೀನಿ.”

ಇಬ್ಬರೂ ನಕ್ಕೆವು. ಆಮೇಲೆ ತಮ್ಮ ಹೇಳಿದ್ದನ್ನು ಕೇಳಿ ನಗು ನಿಂತಿತು. ಅವ್ವ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಾಳಂತೆ. ಎಲ್ಲರದೂ ಆದಮೇಲೆ ಅಡುಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ, ಬಾಯಿಗೆ ಸೆರಗು ಮುಚ್ಚಿಕೊಂಡು ಗಂಜಿ ಕುಡಿಯುತ್ತಾಳಂತೆ. ನಾನು ವಿಡಿಯೋ ಕಾಲ್ ಮಾಡಿದಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಮನೆಯ ಮಾಡು ಮತ್ತು ಫ್ಯಾನು. ಅವಳಿಗೆ ಫೋನ್ ಹಿಡಿಯಲು ಬರುವುದಿಲ್ಲ ಅಂದುಕೊಂಡಿದ್ದೆ. ಬರುತ್ತಿತ್ತು. ಮುಖ ತೋರಿಸಲು ಮನಸ್ಸಿರಲಿಲ್ಲ, ಅಷ್ಟೆ. ಇಡೀ ಊರನ್ನು ಬಾಯಿಮಾತಿನಲ್ಲೇ ಆಳಿದ ಹೆಂಗಸು ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಕಳೆದ ವಾರ ಡಾಕ್ಟರು ಫೋನ್ ಮಾಡಿ, “ನಿಮ್ಮ ತಾಯಿ ಹಲ್ಲು ಲ್ಯಾಬ್‌ನಿಂದ ಬಂದೈತೆ, ಔಷಧಿ ಗಾಡಿಯಾಗೆ ಕಳಿಸಿದ್ರು, ತಗೊಂಡು ಹೋಗ್ರಿ” ಅಂದರು. ಮೊದಲು ತಮ್ಮನೇ ಬಂದು ಒಯ್ಯುತ್ತೇನೆ ಅಂತ ಬೈಕ್ ಹತ್ತಿದ. ಚೆಕ್‌ಪೋಸ್ಟಿನಲ್ಲಿ ಎಲ್ಲಿಗೆ ಅಂತ ಕೇಳಿದ್ದಾರೆ. “ನಮ್ಮವ್ವನ ಹಲ್ಲು ತರಾಕ ಹೊಂಟೀನ್ರಿ” ಅಂದಿದ್ದಾನೆ. ಪೊಲೀಸರು ಇವನು ತಮ್ಮನ್ನೇ ಆಡಿಕೊಳ್ಳುತ್ತಿದ್ದಾನೆ ಅಂತ ತಿಳಿದು ಐವತ್ತು ಬಸ್ಕಿ ಹೊಡೆಸಿ ವಾಪಸ್ ಕಳಿಸಿದ್ದಾರೆ. ಎರಡು ದಿನ ಅವನು ಮನೆಯ ಮೆಟ್ಟಿಲನ್ನು ಕೂತೇ ಇಳಿದನಂತೆ. ಅಕ್ಕನಾಗಿ ನಾನು ಅಯ್ಯೋ ಅನ್ನಬೇಕಿತ್ತು. ಅನ್ನಲಿಲ್ಲ, ನಕ್ಕುಬಿಟ್ಟೆ.

ಹಾಗಾಗಿ ನಾನೇ ಹೊರಟೆ. ತಮ್ಮನ ಹತ್ತಿರ ಸಾಕ್ಷಿ ಇರಲಿಲ್ಲ. ನನ್ನ ಹತ್ತಿರ ಸಾಕ್ಷಾತ್ ಹಲ್ಲೇ ಇತ್ತಲ್ಲ! ನನ್ನ ಯಜಮಾನರೂ ಧೈರ್ಯ ತುಂಬಿದರು. “ಹಲ್ಲು ಅಂದ್ರೆ ಮೆಡಿಕಲ್ ಐಟಮ್ಮು ಕಣೇ. ಯಾರೂ ಏನೂ ಅನ್ನಲ್ಲ, ಹೋಗ್ಬಾ.” (ಸೋಫಾದಿಂದ ಏಳದೆ ಧೈರ್ಯ ತುಂಬುವುದರಲ್ಲಿ ಅವರನ್ನು ಮೀರಿಸುವವರಿಲ್ಲ.)

ಎರಡು ತಿಂಗಳಿನಿಂದ ನಮ್ಮ ಐದು ತಾಲ್ಲೂಕಿನ ಜನ ಬೇರೇನು ಕಲಿತರೋ ಬಿಟ್ಟರೋ, ಪೊಲೀಸರಿಗೆ ಉತ್ತರ ಹೇಳುವುದನ್ನಂತೂ ಚೆನ್ನಾಗಿ ಕಲಿತಿದ್ದಾರೆ. ಊರಿಗೊಂದು ಉತ್ತರ. ಹಡಗಲಿಯವರು “ಮಲ್ಲಿಗಿ ಐತ್ರಿ, ಬಾಡ್ತೈತಿ” ಅನ್ನುತ್ತಾರೆ. ಕೂಡ್ಲಿಗಿಯವರದು “ಕುರಿಗೆ ಔಷಧಿ”. ಹಗರಿಬೊಮ್ಮನಹಳ್ಳಿಯವರು “ಗದ್ದಿಗೆ ನೀರು ಬಿಟ್ಟು ಬಂದೀನ್ರಿ, ಕಟ್ಟಬೇಕು” ಅಂತ ಓಡುತ್ತಾರೆ. ಕೊಟ್ಟೂರಿನವರಿಗೆ ಅಂಗಡಿ ಶಟರ್ ಎಳೆದೆನೋ ಇಲ್ಲವೋ ಅನ್ನುವ ಅನುಮಾನ ದಿನಕ್ಕೆ ಎರಡು ಸಲ ಬರುತ್ತದೆ. ಇನ್ನು ಹರಪನಹಳ್ಳಿಯ ನಾವು ಆಸ್ಪತ್ರೆ ಫೈಲಿನವರು. ಎಕ್ಸ್‌ರೇ ಕವರ್ ಹಿಡಿದುಕೊಂಡು ಮಂಡಕ್ಕಿ ತರಲು ಹೋಗುವವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಮೊನ್ನೆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವನು ಉಜ್ಜಿನಿಯವನು. ಮೂವತ್ತರ ಆಸುಪಾಸು, ಗಟ್ಟಿಮುಟ್ಟಾದ ಆಳು. ಅವನ ಕೈಯಲ್ಲೂ ಫೈಲ್. ಪೇದೆ ಅದನ್ನು ಬಿಡಿಸಿ ನಿಧಾನವಾಗಿ ಓದಿದ. (ಎರಡು ತಿಂಗಳು ಚೀಟಿ ಓದೀ ಓದೀ ಈ ಪೊಲೀಸರಿಗೆ ಡಾಕ್ಟರ ಅಕ್ಷರ ಮೆಡಿಕಲ್ ಶಾಪಿನವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.)

“ಏಳನೇ ತಿಂಗಳು ಅಂತ ಬರದೈತಲ್ಲೋ. ಯಾರಿಗೆ, ನಿನಗಾ?”

ಅವನು ಸುಳ್ಳು ಹೇಳಲು ಹೋಗಲಿಲ್ಲ. “ನಮ್ಮ ಓಣ್ಯಾಗ ಇರೋದು ಇದೊಂದ ಫೈಲ್ರಿ ಸಾರ್. ಎಲ್ಲಾರೂ ಇದನ್ನ ತರ್ತಾರ.”

ಫೈಲಿನ ಅಂಚು ಸವೆದು ದಾರ ದಾರ ಆಗಿತ್ತು. ಪಾಪ, ಆ ಬಸುರಿ ಹೆಣ್ಣುಮಗಳೊಬ್ಬಳು ಮಾತ್ರ ಮನೆ ಬಿಟ್ಟು ಹೊರಗೆ ಬಂದಿರಲಿಕ್ಕಿಲ್ಲ. ಇಪ್ಪತ್ತು ಬಸ್ಕಿ ಹೊಡೆದು ಅವನು ಊರ ಕಡೆ ಹೋದ. ನಿಜ ಹೇಳಿದ್ದಕ್ಕೆ ಮೂವತ್ತು ಕಡಿಮೆ.

ಆಮೇಲೆ ನನ್ನ ಸರದಿ. ಪೇದೆ ನನ್ನ ಹಳೇ ವಿದ್ಯಾರ್ಥಿ ಏನಾದರೂ ಇರಬಹುದಾ ಅಂತ ಕಣ್ಣು ಕಿರಿದು ಮಾಡಿ ನೋಡಿದೆ. ಟೀಚರುಗಳಿಗೆ ಈ ಆಸೆ ಸಾಯುವವರೆಗೂ ಇರುತ್ತದೆ. ಮಾಸ್ಕಿನ ಮೇಲೆ ಕಾಣುವ ಎರಡು ಕಣ್ಣಿನಿಂದ ಯಾರನ್ನು ಗುರುತು ಹಿಡಿಯುವುದು? ಅವನ ಕಣ್ಣುಗಳಲ್ಲಿ ನನಗೆ ನಮಸ್ಕಾರ ಮಾಡುವ ಲಕ್ಷಣವೂ ಕಾಣಲಿಲ್ಲ.

ಡಬ್ಬಿ ತೆಗೆ ಅಂದ. ತೆಗೆದೆ. ನೀರಿನಲ್ಲಿ ಅವ್ವನ ಹಲ್ಲು ಎರಡು ಸಾಲಾಗಿ ನಗುತ್ತಿದ್ದವು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಜೇಬಿನಿಂದ ಸ್ಯಾನಿಟೈಸರ್ ತೆಗೆದು ಮೊದಲು ತನ್ನ ಕೈಗೆ, ಆಮೇಲೆ ಡಬ್ಬಿಯ ಮುಚ್ಚಳಕ್ಕೆ, ಕೊನೆಗೆ ಯಾಕೋ ನನ್ನ ಸ್ಕೂಟಿಯ ಹ್ಯಾಂಡಲ್ಲಿಗೂ ಹೊಡೆದ.

“ಇದು ಲಿಸ್ಟ್‌ನ್ಯಾಗ ಇಲ್ರಿ ಮೇಡಂ. ಹಾಲು ಐತಿ, ತರಕಾರಿ ಐತಿ, ಔಷಧಿ ಐತಿ. ಹಲ್ಲು ಇಲ್ಲ.”

“ಹಲ್ಲಿಲ್ದ ತರಕಾರಿ ಹೆಂಗ ತಿಂತಾರ್ರೀ?”

ಉತ್ತರ ಇಲ್ಲದಾಗ ಪೊಲೀಸರು ಏನು ಕೇಳುತ್ತಾರೆ? ಆಧಾರ್ ಕಾರ್ಡ್. ಕೊಟ್ಟೆ. ಹಿಂದೆ ಮುಂದೆ ತಿರುಗಿಸಿದವನು ಈ ಸಲ ಮೂರು ಹೆಜ್ಜೆ ಹಿಂದೆ ಸರಿದ.

“ದಾವಣಗೆರಿ ಜಿಲ್ಲಾ! ಬ್ಯಾರೆ ಜಿಲ್ಲಾದವರನ್ನ ಪಾಸ್ ಇಲ್ದ ಒಳಗ ಬಿಡಂಗಿಲ್ರಿ.”

ಇಲ್ಲಿ ದೂರದ ಓದುಗರಿಗೆ ಒಂಚೂರು ವಿವರಿಸಬೇಕು. ನಮ್ಮ ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. ದಾವಣಗೆರೆ ಹೊಸ ಜಿಲ್ಲೆ ಆದಾಗ ನಮ್ಮನ್ನು ಎತ್ತಿ ಅಲ್ಲಿಗೆ ಸೇರಿಸಿದರು. ನಾವು ಅಲ್ಲಿ ಒಗ್ಗಿಕೊಳ್ಳುವಷ್ಟರಲ್ಲಿ ವಾಪಸ್ ಬಳ್ಳಾರಿಗೆ ತಂದುಬಿಟ್ಟರು. ಈಗ ಹೊಸಪೇಟೆಯದೇ ಬೇರೆ ಜಿಲ್ಲೆ ಆಗುತ್ತದಂತೆ, ನಾವೂ ಅದಕ್ಕೆ ಹೋಗುತ್ತೇವಂತೆ ಅನ್ನುವ ಸುದ್ದಿ ಬೇರೆ. ಹೊಸ್ತಿಲು ದಾಟದೆ ಇಷ್ಟೊಂದು ಜಿಲ್ಲೆ ತಿರುಗಿದ ಜನ ನಮ್ಮನ್ನು ಬಿಟ್ಟರೆ ಯಾರಿದ್ದಾರೆ?

ನನ್ನ ಆಧಾರ್ ಮಾಡಿಸಿದ್ದು ದಾವಣಗೆರೆ ಕಾಲದಲ್ಲಿ. ಬದಲಿಸಬೇಕಿತ್ತು, ಬದಲಿಸಲಿಲ್ಲ. ನಮ್ಮ ಓಣಿಯಲ್ಲಿ ಯಾರೂ ಬದಲಿಸಿಲ್ಲ. “ಎಲ್ಲಾ ಒಂದು ಕಡೆ ನಿಲ್ಲಲಿ, ಆಮೇಲೆ ಒಂದೇ ಸಲ ಮಾಡ್ಸಿದ್ರಾತು” ಅನ್ನುವುದು ನಮ್ಮೂರಿನ ಒಟ್ಟಾರೆ ಅಭಿಪ್ರಾಯ. (ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಯಲ್ಲಿ ತೋರಿಸಿದ ಮಕ್ಕಳಿಗೆ ಒಂದು ಮಾರ್ಕ್ಸ್ ಕಟ್ ಮಾಡುವ ಟೀಚರ್ ಯಾರು ಅಂತೀರಿ? ನಾನೇ.)

“ಹರಪನಹಳ್ಳಿ ಬಳ್ಳಾರಿ ಜಿಲ್ಲಾಕ್ಕ ಬಂದು ಎಷ್ಟು ದಿನ ಆತು! ನಿಮಗ ಗೊತ್ತಿಲ್ಲೇನ್ರಿ?” ಅಂತ ನಾನು ಕ್ಲಾಸಿನ ದನಿಯಲ್ಲೇ ಕೇಳಿದೆ.

“ನನಗ ಗೊತ್ತೈತ್ರಿ ಮೇಡಂ,” ಅಂದ ಅವನು ತಣ್ಣಗೆ. “ನಿಮ್ಮ ಕಾರ್ಡಿಗೆ ಗೊತ್ತಿಲ್ಲ.”

ಇಪ್ಪತ್ತು ವರ್ಷದ ಸರ್ವಿಸ್ಸಿನಲ್ಲಿ ನನಗೆ ಇಂಥ ಉತ್ತರ ಕೊಟ್ಟವರಿಲ್ಲ. ದಿನಾ ಕೊರೊನಾ ಕೇಸು ಏರುತ್ತಿರುವ ದಾವಣಗೆರೆ ಅಂದರೆ ಈಗ ಜನ ಎಷ್ಟು ಹೆದರುತ್ತಾರೆ ಅನ್ನುವುದು ನಿಮಗೂ ಗೊತ್ತು. ಹಿಂದಿದ್ದ ಬೈಕಿನವರು ಅಷ್ಟು ಹೊತ್ತು ನನ್ನ ಪರವಾಗಿ ನಗುತ್ತಿದ್ದವರು, ಕಾರ್ಡಿನ ವಿಷಯ ಕೇಳಿದ್ದೇ ಗಾಡಿಗಳನ್ನು ಒಂದೊಂದು ಮಾರು ಹಿಂದಕ್ಕೆ ತಳ್ಳಿಕೊಂಡರು.

ನಾನೂ ಬಿಡುವವಳಲ್ಲ. ಸ್ಕೂಟಿಗೆ ಸ್ಟ್ಯಾಂಡ್ ಹಾಕಿ ಇಳಿದೇಬಿಟ್ಟೆ. “ನಿಮ್ಮ ಸಾಹೇಬ್ರನ್ನ ಕರೀರಿ” ಅಂದೆ.

ಬೇವಿನ ಮರದ ಕೆಳಗೆ ಕುರ್ಚಿಯಲ್ಲಿದ್ದ ಎಎಸ್‌ಐ ಸಾಹೇಬರು ಎದ್ದು ಬಂದರು. ರಿಟೈರ್‌ಮೆಂಟಿಗೆ ಹತ್ತಿರವಿದ್ದ ಮನುಷ್ಯ. ಎಲ್ಲ ಕೇಳಿಸಿಕೊಂಡರು. ಡಬ್ಬಿ ನೋಡಿದರು, ಕಾರ್ಡ್ ನೋಡಿದರು.

“ಹೋದ ವಾರನೂ ಒಬ್ಬ ಅವ್ವನ ಹಲ್ಲು ಅಂತ ಬಂದಿದ್ದ,” ಅಂದರು.

“ಅವನು ನನ್ನ ತಮ್ಮ್ರಿ.”

“ಹಂಗಾ?” ಅಂತ ಡಬ್ಬಿಯನ್ನು ಇನ್ನೊಮ್ಮೆ ನೋಡಿದರು. ಐವತ್ತು ಬಸ್ಕಿಯ ನೆನಪಾಗಿರಬೇಕು. “ಹಂಗಾದ್ರ ಆ ಅಜ್ಜಿಗೆ ಫೋನ್ ಹಚ್ಚ್ರಿ. ವಿಡಿಯೋನ ಹಚ್ಚ್ರಿ. ನಾ ಮಾತಾಡ್ತೀನಿ.”

ಹಚ್ಚಿದೆ. ಮೊದಲು ಮಾಡು ಕಂಡಿತು, ಆಮೇಲೆ ಫ್ಯಾನು. “ಯವ್ವಾ, ಪೊಲೀಸ್ ಸಾಹೇಬ್ರು ಮಾತಾಡ್ತಾರಂತ” ಅಂದಮೇಲೆ ಅವ್ವನ ಮುಖ ಬಂತು. ಮೂಗಿನವರೆಗೆ ಸೆರಗು.

“ಅಜ್ಜಿ, ನಮಸ್ಕಾರ್ರೀ. ಹಲ್ಲು ನಿಮ್ಮವಂತ, ಹೌದ್ರಾ?”

“ಹೌದಪ್ಪಾ, ನನ್ನವ.”

“ಆ ಸೆರಗು ಒಂಚೂರು ತಗದು ಬಾಯಿ ತೋರಸ್ರಿ. ಹಲ್ಲು ಇಲ್ಲ ಅನ್ನೋದು ಖಾತ್ರಿ ಆಗ್ಲಿ.”

ನನ್ನ ಪಿತ್ತ ನೆತ್ತಿಗೇರಿತು. ಕರೆದ ಸಾಹೇಬರೂ ಬೇಡ, ಹಲ್ಲೂ ಬೇಡ, ಫೋನ್ ಕಿತ್ತುಕೊಂಡು ವಾಪಸ್ ಹೋಗಿಬಿಡೋಣ ಅನ್ನಿಸಿತು. ಹೆತ್ತ ಮಗಳಿಗೇ ಮುಖ ತೋರಿಸದವಳು ನಡುರಸ್ತೆಯಲ್ಲಿ ಹತ್ತು ಜನರ ಮುಂದೆ ಬಾಯಿ ತೆರೆಯಬೇಕಾ? ಯಾವ ಕಾಯಿದೆಯಲ್ಲಿದೆ ಇದು?

ಅಷ್ಟರಲ್ಲಿ ಫೋನಿನಿಂದ ಅವ್ವನ ಹಳೆಯ ದನಿ ಬಂತು. ಎರಡು ತಿಂಗಳಿನಿಂದ ನಾನು ಕೇಳದ ದನಿ.

“ತೋರಸ್ತೀನಪ್ಪಾ, ಅದಕ್ಕೇನಂತ. ಮೊದಲು ನೀ ಆ ಬಾಯಿಗೆ ಕಟ್ಕಂಡ ಬಟ್ಟಿ ತಗಿ. ನಿನ್ನ ಹಲ್ಲು ನಾ ನೋಡ್ತೀನಿ. ಆಮ್ಯಾಲ ನನ್ನ ಬಾಯಿ ನೀ ನೋಡೂವಂತಿ.”

ಸಾಹೇಬರು ನಕ್ಕರು. ನಗುತ್ತಾ ಮೈಮರೆತು ಮಾಸ್ಕನ್ನು ಗದ್ದಕ್ಕೆ ಇಳಿಸಿಯೇಬಿಟ್ಟರು. ಬಾಯಿ ತುಂಬ ಎಲೆ-ಅಡಿಕೆ. ಹಲ್ಲುಗಳೆಲ್ಲ ಹಳೇ ಇಟ್ಟಿಗೆಯ ಬಣ್ಣ. ಅದೂ ಎಲ್ಲಿ ನಿಂತಿದ್ದರು? ‘ಉಗುಳಿದರೆ ದಂಡ’ ಬೋರ್ಡಿನ ಪಕ್ಕದಲ್ಲೇ.

“ಅಯ್ಯ, ಇದ್ದ ಹಲ್ಲು ಹಿಂಗ ಇಟ್ಕಂಡೀಯಲ್ಲೋ ತಮ್ಮಾ,” ಅಂದಳು ಅವ್ವ, ಸ್ಪೀಕರಿನಲ್ಲಿ, ಎಲ್ಲರಿಗೂ ಕೇಳುವಂತೆ. “ಇವು ಉದುರಿದ ಮ್ಯಾಲ ಯಾವ ಚೆಕ್‌ಪೋಸ್ಟಿನ್ಯಾಗ ಹೋಗಿ ನಿಲ್ತೀ?”

ಪೇದೆ ಬೇವಿನ ಮರದ ತುದಿಯನ್ನು ನೋಡತೊಡಗಿದ. ಬೈಕಿನವರು ಹೆಲ್ಮೆಟ್ಟಿನೊಳಗೇ ನಕ್ಕರು. ಸಾಹೇಬರಿಗೆ ಉಗುಳುವ ಹಾಗಿಲ್ಲ, ಉಗುಳದೆ ಮಾತಾಡುವ ಹಾಗಿಲ್ಲ. ಬಾಯಲ್ಲಿದ್ದದ್ದನ್ನು ಗುಟುಕ್ ಅಂತ ನುಂಗಿ ಮಾಸ್ಕ್ ಏರಿಸಿಕೊಂಡರು.

“ನಿಮ್ಮ ಬಾಯಿ ನೋಡೋದು ಬ್ಯಾಡ್ರಿ ಅಜ್ಜಿ. ಕೇಳಿದ್ದ ಸಾಕು.”

ಗೆದ್ದೆವು ಅಂದುಕೊಂಡು ಸ್ಕೂಟಿ ಕೀ ಕೈಗೆ ತಗೊಂಡೆ. ಅಷ್ಟು ಸಲೀಸಾಗಿ ಮುಗಿದರೆ ಅದು ಸರ್ಕಾರಿ ಕೆಲಸ ಹೇಗಾದೀತು? ಸಾಹೇಬರು ಅವ್ವನ ಆಧಾರ್ ಕೇಳಿದರು. ಅದರ ಫೋಟೋ ನನ್ನ ಫೋನಿನಲ್ಲಿತ್ತು. ಕೊಟ್ಟೂರು, ಬಳ್ಳಾರಿ ಜಿಲ್ಲೆ. ಯಾವ ತಕರಾರೂ ಇಲ್ಲ.

“ನೋಡ್ರಿ ಮೇಡಂ,” ಅಂತ ಅವರು ಬೆರಳು ಮಡಚುತ್ತಾ ಶುರು ಮಾಡಿದರು. “ಹಲ್ಲು ಯಾರವು? ಅಜ್ಜಿಯವು. ಅಜ್ಜಿ ಯಾವ ಜಿಲ್ಲಾ? ಬಳ್ಳಾರಿ. ಅಂದ್ಮ್ಯಾಲ ಹಲ್ಲು ಬಳ್ಳಾರಿ ಜಿಲ್ಲಾದವು. ಹಲ್ಲು ಹೋಗಬೌದು. ನೀವು ಹೋಗಂಗಿಲ್ಲ.”

“ನಾನೂ ಬಳ್ಳಾರಿ ಜಿಲ್ಲಾನ ರೀ!”

“ಮ್ಯಾಲಿನವರು ಬಂದು ಕೇಳಿದ್ರ ನಾ ಕಾರ್ಡ್ ತೋರಸ್ಬೇಕು, ಮ್ಯಾಪ್ ಅಲ್ಲ.” ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದರು. “ನನಗೂ ಮನಿಗೆ ಹೋಗಿ ನಲವತ್ತು ದಿನ ಆತ್ರಿ. ನನ್ನ ಕೈಯಾಗ ಇಲ್ಲ.”

ಜಗಳಕ್ಕೆ ಅಂತ ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಹಾಗೇ ಉಳಿದವು.

ದಿನಾ ಬರುವ ತರಕಾರಿ ಟೆಂಪೋ ಬಂತು. ಗಾಜಿನ ಮೇಲೆ ‘ಅಗತ್ಯ ಸೇವೆ’ ಅಂತ ಅಂಟಿಸಿತ್ತು. ಸಾಹೇಬರು ಡ್ರೈವರ್‌ಗೆ ಮನೆ ಗುರುತು ಹೇಳಿಸಿ ಡಬ್ಬಿ ಕೊಡಿಸಿದರು. ಆದರೆ ದಾಖಲೆ ಇಲ್ಲದೆ ಏನೂ ದಾಟುವಂತಿಲ್ಲವಲ್ಲ, ಪೇದೆ ರಿಜಿಸ್ಟರ್ ತೆಗೆದ. ‘ಹೋಗುವವರ ಹೆಸರು’ ಕಾಲಂನಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದ: ಹಲ್ಲು, ಒಂದು ಸೆಟ್. ‘ಹೋಗುವ ಉದ್ದೇಶ’: ಊಟ. ‘ಹಿಂದಿರುಗುವ ಸಮಯ’ ಬಂದಾಗ ನನ್ನ ಮುಖ ನೋಡಿದ.

“ಬರಂಗಿಲ್ಲ” ಅಂದೆ.

ಟೆಂಪೋ ಬ್ಯಾರಿಕೇಡ್ ದಾಟಿ ಹೋಯ್ತು. ಬದನೆಕಾಯಿ, ಟೊಮೆಟೊ, ಮುಂದಿನ ಸೀಟಿನಲ್ಲಿ ಅವ್ವನ ಹಲ್ಲು. ನಾನು ಹುಟ್ಟಿದ ಊರಿನ ನೀರಿನ ಟ್ಯಾಂಕ್ ಅಲ್ಲಿಂದಲೇ ಕಾಣುತ್ತಿತ್ತು. ನೋಡುತ್ತಾ ನಿಂತಿದ್ದೆ. ಹೊಟ್ಟೆ ಉರಿಯಿತು. ಯಾರ ಮೇಲೆ ಅಂತೀರಿ? ಆ ಹಲ್ಲಿನ ಮೇಲೆ. ಇನ್ನು ಹತ್ತು ನಿಮಿಷಕ್ಕೆ ಅದು ಅವ್ವನ ಕೈಯಲ್ಲಿರುತ್ತದೆ. ನಾನು ವಾಪಸ್ ಹರಪನಹಳ್ಳಿ ದಾರಿಯಲ್ಲಿರುತ್ತೇನೆ. ಹಲ್ಲು ಕೊಡುವ ನೆಪದಲ್ಲಿ ಅವಳನ್ನೊಮ್ಮೆ ನೋಡಬೇಕು ಅಂತಲೇ ನಾನು ಹೊರಟಿದ್ದು. ಅದನ್ನು ಯಜಮಾನರಿಗೂ ಹೇಳಿರಲಿಲ್ಲ, ಪೊಲೀಸರಿಗೂ ಹೇಳಿರಲಿಲ್ಲ. ‘ಹೋಗುವ ಉದ್ದೇಶ’ ಅಂತ ಯಾರಾದರೂ ನನ್ನನ್ನೂ ಕೇಳಿದ್ದರೆ ಅಳು ಬಂದುಬಿಡುತ್ತಿತ್ತು.

ಸಂಜೆ ತಮ್ಮ ಫೋನ್ ಮಾಡಿದ. ಹಲ್ಲು ಮುಟ್ಟಿದವು. ಆದರೆ ಅವ್ವ ಒಡನೆ ಹಾಕಿಕೊಂಡಿಲ್ಲ. ಪೊಲೀಸರು ಮುಟ್ಟಿದ್ದು, ಡ್ರೈವರ್ ಮುಟ್ಟಿದ್ದು, ದಾವಣಗೆರೆ ಕಾರ್ಡಿನ ಮಗಳು ಮುಟ್ಟಿದ್ದು! ಕೊರೊನಾ ಹೋಗಲಿ ಅಂತ ತರಕಾರಿ ತೊಳೆಯುವ ಹಾಗೆ ಉಪ್ಪು-ಅರಿಶಿನದ ನೀರಿನಲ್ಲಿ ನಾಲ್ಕು ತಾಸು ನೆನೆಹಾಕಿದ್ದಾಳೆ. ಎಷ್ಟು ಅರಿಶಿನ ಅಂತೀರಿ, ಒಂದು ಮದುವೆಗೆ ಸಾಲುವಷ್ಟು. ತಮ್ಮ ನೋಡುವಷ್ಟರಲ್ಲಿ ಬೆಳ್ಳನೆಯ ಹೊಸ ಹಲ್ಲು ಹಳದಿಗೆ ತಿರುಗಿಬಿಟ್ಟಿವೆ.

ಡಾಕ್ಟರು ಏನು ಹೇಳಿದ್ದರು? ಮೊದಲ ವಾರ ಮೆತ್ತಗಿನದು ತಿನ್ನಬೇಕು, ವಸಡಿಗೆ ಒತ್ತಿದರೆ ಬಂದು ತೋರಿಸಬೇಕು ಅಂತ. ಅದನ್ನು ನಾನು ಎರಡು ಸಲ ಹೇಳಿದೆ. ಆ ಕಡೆಯಿಂದ ಉತ್ತರವಾಗಿ ಬಂದದ್ದು ಕಟಂ ಅನ್ನುವ ಸಪ್ಪಳ.

ವಿಡಿಯೋ ಹಚ್ಚಿದೆ. ಮಾಡು ಇಲ್ಲ, ಫ್ಯಾನಿಲ್ಲ. ಸೆರಗು ಭುಜದ ಮೇಲಿತ್ತು. ಅಡುಗೆಮನೆಯಲ್ಲಲ್ಲ, ಪಡಸಾಲೆಯಲ್ಲಿ ಎಲ್ಲರ ನಡುವೆ ಕೂತು ಅವ್ವ ರೊಟ್ಟಿ ಮುರಿಯುತ್ತಿದ್ದಳು. ನನ್ನನ್ನು ನೋಡಿ ಬಾಯ್ತುಂಬ ನಕ್ಕಳು, ಅರಿಶಿನದ ನಗು. ಎಷ್ಟು ದಿನ ಆಗಿತ್ತು ಆ ಮುಖ ನೋಡಿ! ನಾನು ಚೆಕ್‌ಪೋಸ್ಟಿನಿಂದ ವಾಪಸ್ ಬಂದದ್ದನ್ನು, ಕಾರ್ಡಿನ ಕಥೆಯನ್ನು, ಎಲ್ಲ ತಮಾಷೆ ಮಾಡಿಯೇ ಹೇಳಿದೆ. ತಮ್ಮ ಬಿದ್ದು ಬಿದ್ದು ನಕ್ಕ.

ಅವ್ವ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟಳು.

“ಫೋನಿನ್ಯಾಗ ಅಷ್ಟೊತ್ತು ನಾನ ಇದ್ನಲ್ಲವ್ವಾ. ನೀ ಯಾವ ಊರಾಕಿ, ಯಾವ ಜಿಲ್ಲಾದಾಕಿ ಅಂತ ಹಡದಾಕೀನ ಕೇಳೋದು ಬಿಟ್ಟು, ಆ ಕಾರ್ಡನ್ಯಾಕ ಕೇಳಿದ್ರು ಅವರು?”